ಕೆಸರಕ್ಕ ಕೇಳಿದ ಪ್ರಶ್ನೆ

ಸಮುದ್ರ ಸಂಶೋಧನಾ ಕೇಂದ್ರದ ನೆಲಮಾಳಿಗೆಯಲ್ಲಿ ಎಲ್ಲರೂ ಅವಳನ್ನು ಕೆಸರಕ್ಕ ಅಂತಲೇ ಕರೆಯುತ್ತಿದ್ದರು. ಹಡಗಿನವರು ಕಡಲತಳಕ್ಕೆ ಕೊಳವೆ ಚುಚ್ಚಿ ತಂದ ಕೆಸರನ್ನು ಕೊಳವೆ ಸಮೇತ ಉದ್ದಕ್ಕೆ ಸೀಳಿ, ಮೈ ಸವರಿ ನುಣುಪು ಮಾಡಿ, ಫೋಟೊ ತೆಗೆದು, ತಣ್ಣನೆಯ ಕೋಣೆಯಲ್ಲಿ ಜೋಡಿಸಿಡುವುದು ಅವಳ ಕೆಲಸ. ಹತ್ತನೇ ತರಗತಿಗೆ ಓದು ಬಿಟ್ಟವಳು, ಹತ್ತೊಂಬತ್ತು ವರ್ಷದಿಂದ ಕೆಸರನ್ನೇ ಓದುತ್ತಿದ್ದಳು.

ಊರ ಮುಂದಿನ ಕೊಲ್ಲಿಯ ತಳ ಆಳವಾದ ತಗ್ಗು. ಅದರ ಅಂಚಿನಲ್ಲಿ ನೆಲ ಬಿರಿದ ಹಳೆಯ ಸೀಳೊಂದಿತ್ತು. ಅದು ಎಂದೋ ತಣ್ಣಗಾಗಿದೆ, ಇನ್ನು ಅಲುಗುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಕೆಸರಿನ ನಡುವೆ ಕಾಣುವ ಮರಳಿನ ಪಟ್ಟೆಗಳು ಹೊಳೆಯ ನೆರೆ ತಂದವು ಎಂದು ಭೂವಿಜ್ಞಾನಿ ಮೇಡಂ ಅರ್ಧ ವರದಿ ಬರೆದೂ ಆಗಿತ್ತು.

ಒಂದು ಮಧ್ಯಾಹ್ನ ಕೆಸರಕ್ಕ ಮೂರು ದಿಕ್ಕಿನಿಂದ ತಂದ ಮೂರು ಕೊಳವೆಗಳನ್ನು ಪಕ್ಕಪಕ್ಕ ಇಟ್ಟು ಮೇಡಂರನ್ನು ಕರೆದಳು.

"ಮೇಡಂ, ಆಚೆ ದಡದಲ್ಲಿ ಹೊಳೇನೇ ಇಲ್ಲ. ಅಲ್ಲಿಗೆ ಮರಳು ಹೇಗೆ ಬಂತು?"

"ಅದು ಬೇರೆ ಯಾವಾಗಲೋ ಬಂದಿರಬೇಕು."

"ಇಲ್ಲ, ನೋಡಿ. ಎಲ್ಲ ಕಡೆ ಒಂದೇ ಸಲ ಬಿದ್ದ ಜ್ವಾಲಾಮುಖಿ ಬೂದಿಯ ಈ ಬಿಳಿ ಗೆರೆಗಿಂತ ಎರಡು ಬೆರಳು ಮೇಲೆ ಮರಳಿದೆ, ಮೂರರಲ್ಲೂ ಅಷ್ಟೇ. ಮರಳಿನ ಬಣ್ಣ ಮಾತ್ರ ಬೇರೆ ಬೇರೆ, ಆಯಾ ದಡದ್ದು. ಮೂರು ಕಡೆಯ ಇಳಿಜಾರೂ ಒಂದೇ ಸಲ ಜಾರಿದೆ ಅನ್ಸುತ್ತೆ. ಭೂಮಿ ನಡುಗದೆ ಹಾಗಾಗುತ್ತಾ?"

ಮೇಡಂ ಮುಖ ಗಂಟಿಕ್ಕಿ, "ಆಮೇಲೆ ನೋಡೋಣ" ಎಂದು ಮೆಟ್ಟಿಲು ಹತ್ತಿ ಹೋದರು.

"ನಾನು ಬಾಯಿ ಮುಚ್ಕೊಂಡು ಇರಬೇಕಿತ್ತು," ಎಂದು ಅವಳು ಮನೆಯಲ್ಲಿ ಗೊಣಗಿದಳು.

"ಅದು ನಿನ್ನ ಕೈಲಾಗದ ಕೆಲಸ," ಎಂದು ಗಂಡ ನಕ್ಕ.

ಮರುದಿನ ಬೆಳಿಗ್ಗೆ ಹೋದರೆ ಮೇಡಂ ಆಗಲೇ ಅಂಗಿಯ ತೋಳು ಮಡಚಿಕೊಂಡು, ಕೊಲ್ಲಿಯಿಂದ ತಂದಿದ್ದ ಹನ್ನೊಂದೂ ಕೊಳವೆಗಳನ್ನು ಹೊರಗೆಳೆದಿದ್ದರು. ಮೂಗಿನ ತುದಿಯಲ್ಲಿ ಕೆಸರು. "ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ, ಅಕ್ಕಾ. ಬನ್ನಿ, ಮೊದಲಿಂದ ನೋಡೋಣ."

ಮೂರು ತಿಂಗಳು ಹಿಡಿಯಿತು. ಅಂಥ ಐದು ಪಟ್ಟೆಗಳು ಎಲ್ಲ ಕೊಳವೆಗಳಲ್ಲೂ ಸಿಕ್ಕವು. ಆ ಸೀಳು ತಣ್ಣಗಾಗಿರಲಿಲ್ಲ. ಹಿಂದೆ ಐದು ಸಲ ಕೊಲ್ಲಿಯನ್ನೇ ಅಲುಗಿಸಿತ್ತು, ಇನ್ನೊಮ್ಮೆ ಅಲುಗಿಸಲೂಬಹುದು. ಹೊಸ ವರದಿಯಲ್ಲಿ ಮೇಡಂ ಹೆಸರಿನ ಕೆಳಗೆ ಕೆಸರಕ್ಕನ ಹೆಸರೂ ಬಂತು.

ವರದಿ ಓದಿದ ನಗರಸಭೆ, ನೆಲ ನಡುಗಿದರೆ ಕಡಲು ಉಕ್ಕಿ ಬಂದೀತೆಂದು, ಬಂದರಿನ ಬೀದಿಯಿಂದ ಗುಡ್ಡದ ಮೇಲಕ್ಕೆ ಹಿಡಿದುಕೊಳ್ಳಲು ಕಂಬಿ ಇರುವ ಅಗಲವಾದ ಮೆಟ್ಟಿಲು ಕಟ್ಟಿಸಿ, ಸೈರನ್ ಹಾಕಿಸಿತು. ಮೊದಲ ಅಭ್ಯಾಸದ ದಿನ ಬೀದಿಗೆ ಬೀದಿಯೇ ಹತ್ತಿತು. ಕೆಸರಕ್ಕನ ಮಂಡಿನೋವಿನ ಅತ್ತೆ ಸೊಸೆಯ ತೋಳು ಹಿಡಿದು ಹದಿನಾಲ್ಕು ನಿಮಿಷಕ್ಕೆ ಮೇಲೆ ಬಂದು ಉಸ್ಸಪ್ಪಾ ಎಂದು ಕೂತರು.

"ಮುಂದಿನ ಸಲ ಹನ್ನೆರಡು ನಿಮಿಷಕ್ಕೆ ಬರ್ತೀನಿ ನೋಡ್ತಿರು," ಎಂದು ನೀರಿನ ಬಾಟಲಿಗೆ ಕೈ ಚಾಚಿದರು.