ಉಡಿ ತುಂಬ ತಂಗಡಿ ಹೂ

ಆಗ ನಮ್ಮ ಕನ್ನೊಳ್ಳಿಯಲ್ಲಿ ಹಬ್ಬದ ಹೂವನ್ನು ಯಾರೂ ಕೊಂಡು ತರುತ್ತಿರಲಿಲ್ಲ. ದೀಪಾವಳಿ ಪಾಡ್ಯದ ದಿನ ಸಗಣಿಯಿಂದ ಪಾಂಡವರನ್ನು ಮಾಡಿ ಹೊಸ್ತಿಲ ಬಳಿ ಕೂಡಿಸಿ, ಅವರ ನೆತ್ತಿಗೆ ತಂಗಡಿ ಹೂ ಸಿಗಿಸಬೇಕು. ಪುಸ್ತಕದವರು ಅದನ್ನು ಆವರಿಕೆ ಅನ್ನುತ್ತಾರೆ. ಈ ಗಿಡಕ್ಕೆ ಎರೆಹೊಲದ ಕೊಬ್ಬಿದ ಮಣ್ಣು ಬೇಡ. ಊರಾಚೆಯ ಮಡ್ಡಿಯಲ್ಲಿ, ಹುಲ್ಲೂ ಒಣಗುವ ಗರಸು ನೆಲದಲ್ಲಿ, ಮೈತುಂಬ ಹಳದಿಯಾಗಿ ನಿಲ್ಲುತ್ತಿತ್ತು. ಅದರ ಹಟ ನನಗೆ ಬಹಳ ಇಷ್ಟ.

ಹೂ ತರುವ ಕೆಲಸ ಅಕ್ಕನದು. ಅವಳ ಮದುವೆಯಾದ ವರ್ಷ ಅದು ಒಂಬತ್ತು ವರ್ಷದ ನನಗೆ ಬಂತು. ಇವಳ ಕೈಲಿ ಆಗುವುದಲ್ಲ ಎಂದು ಕಾಕಾ ನಕ್ಕಿದ್ದ. ಅವನ ಬಾಯಿ ಮುಚ್ಚಿಸಲೇಬೇಕೆಂದು ನಸುಕಿನಲ್ಲೇ ಮಡ್ಡಿ ಹತ್ತಿ, ಉಟ್ಟಿದ್ದ ಪರಕಾರದ ಉಡಿ ತುಂಬ ಹೂ ಬಿಡಿಸಿದೆ. ಕೈಗೆಲ್ಲ ಹಸಿ ಎಲೆಯ ಒಗರು ವಾಸನೆ.

ಓಣಿಗೆ ಬಂದಾಗ ಬಾಗಿಲು ಸಾರಿಸುತ್ತಿದ್ದ ಮುದುಕಿಯೊಬ್ಬಳು ಎರಡು ಹೂ ಕೇಳಿದಳು. ಹಬ್ಬದ ದಿನ ಹೂ ಕೇಳಿದವರಿಗೆ ಇಲ್ಲ ಅನ್ನಬಾರದೆಂಬುದು ನಮ್ಮಲ್ಲಿಯ ರೂಢಿ. ಕೊಟ್ಟೆ. ಮುಂದಿನ ಮನೆಯವರೂ ಕೇಳಿದರು, ಅದರಾಚೆಯವರೂ ಕೇಳಿದರು. ಒಬ್ಬಳು ಬಿಸಿ ಹೂರಣ ಬಾಯಿಗಿಟ್ಟಳು, ಇನ್ನೊಬ್ಬಳು ಗಲ್ಲ ಸವರಿ ಜಾಣೆ ಅಂದಳು. ಹೊಗಳಿಕೆಗೆ ಉಬ್ಬಿ ಬೊಗಸೆಗಟ್ಟಲೆ ಕೊಡುತ್ತ ಬಂದವಳು ನಮ್ಮ ಕಟ್ಟೆ ಹತ್ತಿ ನೋಡಿಕೊಂಡರೆ ಉಡಿಯಲ್ಲಿ ಮೂರೇ ಹೂ. ಹೊಸ್ತಿಲಲ್ಲಿ ಪಾಂಡವರು ಬೋಳು ತಲೆಯಲ್ಲಿ ಕೂತಿದ್ದರು. ಮತ್ತೆ ಮಡ್ಡಿಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಅಳುತ್ತಲೇ ಆಯಿಗೆ, ಅಂದರೆ ನಮ್ಮಜ್ಜಿಗೆ, ಎಲ್ಲ ಹೇಳಿದೆ.

ಆಯಿ ಉಡಿ ಇಣುಕಿ ಕೇಳಿದಳು: "ಯಾರಿಗರೆ ಇಲ್ಲ ಅಂದಿ ಏನು?"

"ಇಲ್ಲ ಆಯಿ."

"ಮತ್ಯಾಕ ಅಳ್ತಿ? ಓಣ್ಯಾಗಿನ ಪಾಂಡವರೆಲ್ಲಾ ಇವತ್ತ ನಮ್ಮ ಹೂವಾನ ಮುಡಕೊಂಡಾರ."

ಮೂರು ಹೂಗಳ ಎಸಳು ಬಿಡಿಸಿ, ತಲೆಗೊಂದರಂತೆ ಹಸಿ ಸಗಣಿಗೆ ಅಂಟಿಸಿದಳು. ಕಾಕಾ ಏನೋ ಅನ್ನಲು ಬಂದವನು ಅವಳ ಮುಖ ನೋಡಿ ಹಿತ್ತಲತ್ತ ತಿರುಗಿದ. ನಾನು ಅಂದು ನಾಲ್ಕು ಹೋಳಿಗೆ ತಿಂದೆ.

ಈಗ ಸಿಂದಗಿಯಲ್ಲಿ ಸುಖವಾಗಿದ್ದೇನೆ. ಆ ಮಡ್ಡಿಯ ಅರ್ಧ ಪ್ಲಾಟುಗಳಾಗಿದೆ, ಆದರೂ ಗಡಿಕಲ್ಲುಗಳ ನಡುವೆ ತಂಗಡಿ ಅರಳುತ್ತದೆ. ಹೋದ ಪಾಡ್ಯಕ್ಕೆ ಅಲ್ಲಿಂದ ಸೆರಗು ತುಂಬ ಬಿಡಿಸಿಕೊಂಡು ಬಂದು, ನಮ್ಮ ಕಾಲೊನಿಯಲ್ಲಿ ಬೇಕೆಂದೇ ನಿಧಾನ ನಡೆದೆ. ರಂಗೋಲಿ ಹಾಕುತ್ತಿದ್ದವರು ತಲೆಯೆತ್ತಿ ನಕ್ಕರು, ಹಬ್ಬದ ಶುಭಾಶಯ ಹೇಳಿದರು. ಒಂದು ಹೂವೂ ಕಡಿಮೆಯಾಗದೆ ಮನೆ ಮುಟ್ಟಿದೆ.