ಕೇಳುವ ಮೊದಲೇ ಅರೆದ ಮಸಾಲೆ

ನಾನು ಮಾಂಸ ತಿನ್ನುವವನು. ಆದರೆ ನಾನು ತಿನ್ನಲಿರುವ ಪ್ರಾಣಿ ಅದಕ್ಕೆ ಮೊದಲು ನನ್ನ ಮುಖ ನೋಡಬಾರದು. ಇಷ್ಟೇ ನನ್ನ ಧರ್ಮ. ತಟ್ಟೆಗೆ ಬಿದ್ದ ಮೇಲೆ ಮೂಳೆಯೊಳಗಿನದನ್ನೂ ಬಿಡದೆ ಹೀರುವ ನಾನು, ಅದೇ ಪ್ರಾಣಿ ಗೂಟದ ಹತ್ತಿರ ಮೆಲುಕು ಹಾಕುತ್ತ ನನ್ನತ್ತ ಕತ್ತು ತಿರುಗಿಸಿದರೆ ಎಲೆ ಅಡಿಕೆ ಹುಡುಕುವ ನೆಪದಲ್ಲಿ ಎದ್ದು ಹೋಗುತ್ತೇನೆ. ನನ್ನ ದಯೆ ಒಗ್ಗರಣೆಯ ವಾಸನೆ ಬರುವವರೆಗೆ ಬಹಳ ಗಟ್ಟಿಯಾಗಿರುತ್ತದೆ. ಇದನ್ನು ನನ್ನ ಹೆಂಡತಿ ನಾಟಕ ಎನ್ನುತ್ತಾಳೆ, ನಾನು ಸೂಕ್ಷ್ಮ ಮನಸ್ಸು ಎನ್ನುತ್ತೇನೆ. ಇಬ್ಬರೂ ಹೇಳುವುದು ಒಂದೇ ಇರಬಹುದು.

ಇಂಥವನಿಗೆ ಸಿಕ್ಕ ಕೆಲಸವಾದರೂ ಎಂಥದ್ದು? ಕಡೂರು ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತಿಕೆ. ತೆಂಗಿನಕಾಯಿ ಚೀಲ, ವೀಳ್ಯದೆಲೆ ಪೆಂಡಿ, ಬೆಲ್ಲದ ಮೂಟೆ, ಇವುಗಳ ನಡುವೆ ಬಿದಿರು ಬುಟ್ಟಿಯಲ್ಲಿ ಜೀವಂತ ಕೋಳಿಗಳು. ಅವನ್ನೂ ಬೆಲ್ಲದ ಹಾಗೆಯೇ ತೂಗಿ ಚೀಟಿ ಅಂಟಿಸಬೇಕು. ತೂಗುವಾಗ ಯಾವುದೋ ಒಂದು ಕೋಳಿ ಬುಟ್ಟಿಯ ಸಂದಿಯಿಂದ ಕತ್ತು ಹೊರಗೆ ಹಾಕಿ, ತಲೆ ಓರೆ ಮಾಡಿ, ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತದೆ. ಕೈ ಹತ್ತಿರ ಒಯ್ದರೆ ಕತ್ತು ಒಳಗೆ. ಪ್ರಾಣಿಗಳೆಂದರೆ ಕೀಲಿ ಕೊಟ್ಟ ಗಡಿಯಾರದಂಥವು, ಅವುಗಳ ಕೂಗು ಯಂತ್ರದ ಕಿರುಗುಟ್ಟುವಿಕೆ ಅಷ್ಟೇ ಎಂದು ಹಿಂದೆ ಯುರೋಪಿನ ಒಬ್ಬ ತತ್ತ್ವಜ್ಞಾನಿ ವಾದಿಸಿದ್ದನಂತೆ. ದೊಡ್ಡ ಬುದ್ಧಿವಂತನೇ ಇರಬೇಕು, ಆದರೆ ಪಾರ್ಸೆಲ್ ಆಫೀಸಿನಲ್ಲಿ ಕೆಲಸ ಮಾಡಿರಲಾರ. ನಮ್ಮ ಆಫೀಸಿನ ಗೋಡೆ ಗಡಿಯಾರಕ್ಕೆ ಎಷ್ಟೋ ವರ್ಷ ನಾನೇ ಕೀಲಿ ಕೊಟ್ಟಿದ್ದೇನೆ. ನನ್ನ ಕೈ ಕಂಡು ಅದು ಒಮ್ಮೆಯೂ ಹೆದರಿ ಹಿಂದೆ ಸರಿದದ್ದಿಲ್ಲ.

ಸಂಜೆ ಹೊತ್ತು ತೆಂಗಿನಕಾಯಿ ಮಂಡಿಯ ಶಿವಲಿಂಗಪ್ಪನವರು ತಮ್ಮ ಚೀಲಗಳು ರೈಲು ಹತ್ತಿದವೇ ಎಂದು ನೋಡಲು ಬರುತ್ತಿದ್ದರು. ಮಠಕ್ಕೆ ನಡೆದುಕೊಳ್ಳುವ ಮನೆತನ, ಮೊಟ್ಟೆಯ ಹೆಸರು ಕೇಳಿದರೂ ಬಾಯಿ ಮುಕ್ಕಳಿಸುವವರು. ಕೋಳಿ ಬುಟ್ಟಿ ಕಂಡರೆ ಅವರಿಗೆ ನನ್ನನ್ನು ತಿದ್ದುವ ಉತ್ಸಾಹ ಬರುತ್ತಿತ್ತು. “ಅಲ್ರೀ ರಂಗಪ್ನೋರೇ, ಒದ್ದಾಡಿ ಸತ್ತ ಜೀವಾನ ಹೆಂಗ್ರೀ ಬಾಯಿಗಿಡ್ತೀರಾ?” ಎಂದು ಒಂದು ದಿನ ಕೇಳಿದರು. ಅವರ ಮನೆಯ ಮೊಸರು ಕಡೂರಿಗೇ ಹೆಸರುವಾಸಿ. ನಾನು, “ಇರ್ಲಿ ಯಜಮಾನ್ರೇ, ನಿಮ್ಮನೆ ಎಮ್ಮೆ ಕರು ಹೆಂಗೈತೆ?” ಎಂದೆ. ಕರು ಪಕ್ಕೆಲುಬು ಬಿಟ್ಟುಕೊಂಡು, ತಾಯಿಯ ಕೆಚ್ಚಲಿಗೆ ಎಟುಕದಷ್ಟು ದೂರದ ಗೂಟದಲ್ಲಿ ನಿಂತಿದ್ದನ್ನು ನಾನು ನೋಡಿದ್ದೆ. ಅವರು ತಮ್ಮ ಚೀಲಗಳನ್ನೂ ನೋಡದೆ ಹೊರಟುಹೋದರು. ಗೆದ್ದೆನೆಂದು ಬೀಗಿದೆ. ಮುಂದಿನ ವಾರ ಬಂದವರು, “ಒಂದು ಮೊಲೆ ಪೂರ್ತಿ ಕರೂಗೇ ಬಿಟ್ಟಿದೀನಿ ಕಣ್ರೀ. ಮನೇಲಿ ಮಜ್ಜಿಗೆ ತೆಳ್ಳಗಾಯ್ತು ಅಂತ ಬೈತಾರೆ” ಎಂದರು. ವಾದದಲ್ಲಿ ಸೋತವರು ಹೀಗೆ ನಡೆದುಕೊಂಡರೆ ಗೆದ್ದವನ ಗತಿ ಏನು? ಎಮ್ಮೆಯಲ್ಲಾದರೆ ಒಂದು ಮೊಲೆ ಬಿಡಬಹುದು. ನಾನು ಕುರಿಯಲ್ಲಿ ಏನನ್ನು ಬಿಡಲಿ?

ಬಿಡಲಾಗದಿದ್ದರೆ ಕೇಳಿಯಾದರೂ ಕೇಳೋಣ ಎಂದುಕೊಂಡವರು ನಮ್ಮ ಹಿರಿಯರು. ಹರಕೆಯ ಕುರಿಯನ್ನು ಅಮ್ಮನ ಎದುರು ನಿಲ್ಲಿಸಿ, ಕೊರಳಿಗೆ ಹೂ ಹಾಕಿ, ಬೆನ್ನ ಮೇಲೆ ತೀರ್ಥವೆಂದು ಒಂದು ಚೆಂಬು ನೀರು ಸುರಿಯುತ್ತಾರೆ. ಕುರಿ ಮೈ ಕೊಡವಿದರೆ ಅದೂ ಒಪ್ಪಿತು, ಅಮ್ಮನೂ ಒಪ್ಪಿದಳು ಎಂದರ್ಥ. ಕೊಡವದಿದ್ದರೆ ಮಚ್ಚು ಎತ್ತುವಂತಿಲ್ಲ. ಇದು ನಮ್ಮ ಸೀಮೆಯ ಹಳ್ಳಿಗರ ಬುದ್ಧಿ ಎಂದು ನಗಬೇಡಿ. ಪುರಾತನ ಗ್ರೀಕರೂ ಬಲಿಯ ಎತ್ತಿನ ತಲೆಗೆ ನೀರು ಚಿಮುಕಿಸಿ, ಅದು ತಲೆಯಾಡಿಸಿದರೆ ಹೂಂ ಎಂದಿತೆಂದು ತಿಳಿಯುತ್ತಿದ್ದರೆಂದು ಎಲ್ಲೋ ಓದಿದ್ದೇನೆ. ನಮ್ಮ ಯಜ್ಞಗಳಲ್ಲಿ ಪಶುವನ್ನು ಕೊಲ್ಲುವವನಿಗೆ ಇದ್ದ ಹೆಸರು ಶಮಿತೃ, ಎಂದರೆ ಶಾಂತಗೊಳಿಸುವವನು. ಮಾಡುವ ಕೆಲಸದ ಬಗ್ಗೆ ಒಳಗೊಳಗೇ ಅಳುಕಿಲ್ಲದಿದ್ದರೆ ಯಾರೂ ಇಷ್ಟು ನಯವಾದ ಮಾತು ಹುಡುಕುವುದಿಲ್ಲ. ತಣ್ಣೀರು ಬಿದ್ದರೆ ಕುರಿ ಮೈ ಕೊಡವದೆ ಇನ್ನೇನು ಮಾಡೀತು ಎಂದು ನೀವು ಕೇಳಬಹುದು. ಚಿಕ್ಕಂದಿನಲ್ಲಿ ನಾನೂ ಕೇಳಿದ್ದೆ. ಬೆನ್ನಿಗೆ ಒಂದು ಗುದ್ದು ಬಿತ್ತು.

ಈ ಪ್ರಶ್ನೆಗೆ ನಿಜವಾದ ಉತ್ತರ ಸಿಕ್ಕಿದ್ದು ನಮ್ಮ ಅಕ್ಕನ ಮನೆಯಲ್ಲಿ, ಎಪ್ಪತ್ತರ ದಶಕದ ನಡುವಿನ ಒಂದು ಮಾಗಿಯಲ್ಲಿ. ಅಕ್ಕನನ್ನು ಕೊಟ್ಟಿದ್ದು ಅಜ್ಜಂಪುರದಿಂದ ಆಚೆಯ ಒಂದು ಹಳ್ಳಿಗೆ. ಅವಳ ಮಗಳು ಮಂಜಿ ಐದು ವರ್ಷದವಳಿದ್ದಾಗ ಜ್ವರ ಬಂದು ಕಣ್ಣು ಮೇಲೆ ಮಾಡಿಬಿಟ್ಟಳು. ಬಸ್ಸಿನಲ್ಲಿ ತರೀಕೆರೆ ಆಸ್ಪತ್ರೆಗೆ ಹೊತ್ತು ತಂದರು. ಡಾಕ್ಟರು ಇಂಜೆಕ್ಷನ್ ಕೊಟ್ಟರು. ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತಮ್ಮ ಹೊಲದ ಬೇವಿನಮರದ ಅಮ್ಮನಿಗೆ ಮಾತು ಕೊಟ್ಟಳು: “ಮಗೂನ ಉಳಿಸ್ಕೊಡವ್ವ, ನಮ್ಮ ಗುಂಡನ್ನ ನಿಂಗೇ ಒಪ್ಪಿಸ್ತೀನಿ.” ಮಗು ಉಳಿಯಿತು.

ಗುಂಡನೆಂದರೆ ತಾಯಿ ಸತ್ತ ಟಗರುಮರಿ. ಅಕ್ಕನೇ ಬಟ್ಟೆಯ ಬತ್ತಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದಳು. ಅದು ಮಂಜಿಯ ಜಡೆಯ ಹೂವನ್ನು ತಿನ್ನುತ್ತಿತ್ತು, ಭಾವನ ಪೇಟದ ಸೆರಗನ್ನು ಅಗಿಯುತ್ತಿತ್ತು, ನಾನು ಹೋದರೆ ಪಾರ್ಸೆಲ್ ಆಫೀಸಿನ ಬೆಲ್ಲದ ವಾಸನೆಗೆ ನನ್ನ ಕೋಟಿನ ತೋಳು ನೆಕ್ಕುತ್ತಿತ್ತು. ನೆಕ್ಕುವಾಗ ಮುಖ ನೋಡುತ್ತಿತ್ತು. ನನ್ನ ಧರ್ಮ ಅಲ್ಲಿಗೇ ಕೆಟ್ಟಿತು.

ಅಕ್ಕ ಹರಕೆಯನ್ನು ಮುಂದೂಡುತ್ತಲೇ ಬಂದಳು. ಇನ್ನೂ ಬೆಳೆಯಲಿ, ಮಳೆ ಕಳೆಯಲಿ, ಸುಗ್ಗಿ ಆಗಲಿ. ಅವಳ ಅತ್ತೆ ನಂಜಜ್ಜಿ ಮಾತ್ರ ಬಿಡುವವಳಲ್ಲ. “ಅದು ಅಮ್ಮನ ಸೊತ್ತು ಕಣೇ. ಮಡಿಕ್ಕಂಡು ಕೂತ್ರೆ ಮಗೀಗೆ ಕೇಡು ಬತ್ತದೆ” ಎಂದು ಹೊತ್ತು ಹೊತ್ತಿಗೆ ಹೇಳುತ್ತಿದ್ದಳು. ಆ ಮಾಗಿಯಲ್ಲಿ ಮಂಜಿಗೆ ಮತ್ತೆ ಮೈ ಬೆಚ್ಚಗಾಯಿತು. ಬರೀ ನೆಗಡಿ, ಎರಡು ದಿನಕ್ಕೆ ಇಳಿಯಿತು. ಆದರೆ ಅಕ್ಕ ಬೆದರಿಹೋದಳು. ತಾನೇ ದಿನ ಗೊತ್ತು ಮಾಡಿ ನೆಂಟರಿಗೆಲ್ಲ ಹೇಳಿಕಳಿಸಿದಳು.

ನಾನು ಬೆಳಗಿನ ರೈಲಿಗೆ ಅಜ್ಜಂಪುರದಲ್ಲಿ ಇಳಿದು ನಡೆದು ಹೋದಾಗ ಹಲ್ಲು ಕಟಕಟ ಎನ್ನುವ ಚಳಿ. ಅಂಗಳದಲ್ಲಿ ಮಸಾಲೆ ಅರೆದು ಆಗಿತ್ತು. ಕೊತ್ತಂಬರಿ, ಚಕ್ಕೆ, ಲವಂಗ, ಕಾಯಿ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ನಮಗೆಲ್ಲ ಗೊತ್ತು. ಕುರಿಯನ್ನು ಕೇಳುವ ಪದ್ಧತಿ ಇದೆಯೆಂದೆನಲ್ಲ, ಅಲ್ಲಿಯೂ ಮಸಾಲೆ ಕೇಳುವ ಮೊದಲೇ ತಯಾರು. ಅಕ್ಕನ ಕಣ್ಣು ಊದಿಕೊಂಡಿತ್ತು. ಬಚ್ಚಲಿನಿಂದ ತಾಮ್ರದ ಬಿಂದಿಗೆ ತಂದು, “ಹೊಲದಗಂಟ ಹಿಡ್ಕೊಳ್ಳೋ” ಎಂದು ನನ್ನ ಕೈಗೆ ಕೊಟ್ಟಳು. ಬಿಂದಿಗೆ ಆಗತಾನೆ ಕರೆದ ಹಾಲಿನ ಚೆಂಬಿನಷ್ಟು ಬೆಚ್ಚಗಿತ್ತು. ಚಳಿಯಲ್ಲಿ ಅಂಗೈಗೆ ಹಿತವಾಯಿತು ಎಂಬುದರ ಆಚೆ ನಾನು ಏನನ್ನೂ ಯೋಚಿಸಲಿಲ್ಲ.

ಬೇವಿನಮರದ ಬುಡದಲ್ಲಿ ಪೂಜಾರಿ ಕೆಂಚಪ್ಪ ಕಾಯಿ ಒಡೆದು ನಿಂತಿದ್ದ. ಮನೆಯ ಹಿರಿಯಳೆಂದು ನಂಜಜ್ಜಿ ಮೊದಲು ಬಿಂದಿಗೆಗೆ ಬೇವಿನೆಲೆ ಅದ್ದಿ ಗುಂಡನ ಹಣೆಗೆ ಚಿಮುಕಿಸಿದಳು. ಬೆರಳು ನೀರಿಗೆ ತಾಗಿದಾಗ ಒಮ್ಮೆ ಅಕ್ಕನ ಮುಖ ನೋಡಿದಳು. ಆಮೇಲೆ, “ಹಾಕಪ್ಪ ಕೆಂಚ” ಎಂದಳು.

ಕೆಂಚಪ್ಪ ಚೆಂಬು ಎತ್ತಿ ಬೆನ್ನಿನುದ್ದಕ್ಕೂ ಸುರಿದ. ಗುಂಡ ಕೊಡವಲಿಲ್ಲ. ಕಣ್ಣು ಅರೆಮುಚ್ಚಿ, ಸ್ನಾನ ಮಾಡಿಸಿಕೊಳ್ಳುವ ಮಗು ಕತ್ತು ಚಾಚುವ ಹಾಗೆ ಚಾಚಿತು. ಇನ್ನೊಂದು ಚೆಂಬು. ಬೆನ್ನಿನಿಂದ ತೆಳ್ಳಗೆ ಹಬೆ ಎದ್ದಿತು. ಕೆಂಚಪ್ಪ ಅದನ್ನು ಅಮ್ಮನ ಮಹಿಮೆಯೆಂದು ತಿಳಿದು ಕೈಮುಗಿದ. ಮತ್ತೆ ಸುರಿದ. ಗುಂಡ ಅವನ ಮೊಣಕಾಲಿಗೆ ತಲೆ ಉಜ್ಜಿತು.

ಜನಕ್ಕೆ ಗಾಬರಿಯಾಯಿತು. ಯಾರೋ ಏನೋ ತಪ್ಪು ಮಾಡಿರಬೇಕು. ಭಾವ ಎರಡೂ ಕೆನ್ನೆ ತಟ್ಟಿಕೊಂಡು, “ತಪ್ಪಾಯ್ತು ತಾಯಿ, ಪೇಟ ಅಗಿದ ಅಂತ ಮೊನ್ನೆ ಒದ್ಬಿಟ್ಟೆ” ಎಂದ. ನಾನು ಒಳಗೇ ತಪ್ಪು ಒಪ್ಪಿಕೊಂಡೆ. ಮಸಾಲೆ ಕಂಡ ಗಳಿಗೆಯಿಂದ ಈಲಿಯ ತುಂಡು ನನ್ನ ತಟ್ಟೆಗೇ ಬೀಳಲಿ ಎಂದು ಲೆಕ್ಕ ಹಾಕುತ್ತಿದ್ದೆ. ಬಿಂದಿಗೆ ಖಾಲಿಯಾಯಿತು. ಕೆಂಚಪ್ಪ ಮಚ್ಚನ್ನು ನೆಲಕ್ಕಿಟ್ಟ. “ಅಮ್ಮ ಒಲ್ಲೆ ಅಂತವ್ಳೆ. ಬಿಟ್ಬಿಡಿ” ಎಂದ.

ಅಕ್ಕ ಕುರಿಯನ್ನು ತಬ್ಬಿಕೊಳ್ಳುತ್ತಾಳೆಂದು ನಾನಂದುಕೊಂಡೆ. ಅವಳು ಓಡಿಹೋಗಿ ಮಗಳನ್ನು ತಬ್ಬಿಕೊಂಡಳು. “ಮಗೀಗೇನೂ ಆಗಲ್ವಾ ಕೆಂಚಪ್ಪಣ್ಣ?” ಎಂದು ಮತ್ತೆ ಮತ್ತೆ ಕೇಳಿದಳು. “ನೀನು ಒಪ್ಪಿಸ್ದಲ್ಲವ್ವ, ಅವ್ಳೇ ಬ್ಯಾಡ ಅಂದ್ರೆ ನೀನೇನ್ ಮಾಡೀಯ?” ಎಂದು ಅವನು ಸಮಾಧಾನ ಹೇಳಿದ.

ಸರಿ, ಅಮ್ಮ ಒಲ್ಲೆ ಎಂದಳು. ಆದರೆ ತರೀಕೆರೆಯಿಂದ ಬಸ್ಸಿಳಿದು ಬಂದ ನೆಂಟರು ಒಲ್ಲೆ ಎನ್ನಲಿಲ್ಲ. ಮುದ್ದೆಯ ಎಸರು ಕುದಿಯುತ್ತಿತ್ತು, ಅರೆದ ಮಸಾಲೆ ಕಾಯುತ್ತಿತ್ತು. ಭಾವ ಮನೆಗೆ ಬಂದು ಕೋಳಿಗೂಡಿನ ಬಾಗಿಲು ತೆಗೆದ. ಅವುಗಳ ಬೆನ್ನಿಗೆ ಯಾರೂ ತಣ್ಣೀರನ್ನೂ ಹಾಕಲಿಲ್ಲ, ಬಿಸಿನೀರನ್ನೂ ಹಾಕಲಿಲ್ಲ. ಗಾದೆ ಸುಳ್ಳಾಗಲಿಲ್ಲ. ಸಾರು ಬಹಳ ಚೆನ್ನಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ. ಹೊರಗೆ ಗುಂಡ ಕೊರಳಿನ ಹಾರವನ್ನು ತಾನೇ ತಿಂದು ಮುಗಿಸುತ್ತಿತ್ತು.

ಬೆಚ್ಚಗಿನ ಬಿಂದಿಗೆಯ ಅರ್ಥ ನನಗೆ ಹೊಳೆದದ್ದು ವಾಪಸು ಬರುವ ರೈಲಿನಲ್ಲಿ. ಅಕ್ಕ ಎಂಥ ಉಪಾಯಗಾತಿ ಎಂದು ಒಬ್ಬನೇ ನಕ್ಕೆ. ಅವಳು ಕಡೂರಿಗೆ ಬಂದಾಗ ಹಾಗೆಂದೇ ಹೊಗಳಿದೆ. ಅವಳ ಮುಖ ಬಿಳಿಚಿತು. “ಉಪಾಯ ಏನ್ ಬಂತೋ? ಅದು ಮೈ ಒದರ್ಲಿ, ಮುಗೀಲಿ ಅಂತಲೇ ಇದ್ದೆ ನಾನು. ಬಾವಿ ನೀರು ಮುಟ್ಟಿದ್ರೆ ಕೈ ಮರಗಟ್ತಿತ್ತು. ಸಾಯೋ ದಿನಾನೂ ಚಳೀಲಿ ನಡುಗ್ಬೇಕಾ ಅದು ಅಂತ ಹಂಡೆಯಿಂದ ಒಂದೀಟು ಬೆರೆಸ್ದೆ. ಕೆಂಚಪ್ಪಣ್ಣ ಮೂರ್ನೇ ಚೆಂಬು ಹಾಕೋವಾಗ ತಿಳೀತು. ಬಾಯಿ ಬರ್ಲಿಲ್ಲ. ಅಮ್ಮಂಗೆ ಮೋಸ ಮಾಡ್ದಂಗಾಯ್ತೇನೋ?” ಎಂದಳು.

ಕೊಲ್ಲಲು ಹೊರಟವಳು, ಅದಕ್ಕೆ ಚಳಿಯಾದೀತೆಂದು ನೀರು ಕಾಯಿಸಿದಳು. ಇದರಲ್ಲಿ ಯಾವುದು ಸುಳ್ಳು? ನನಗೆ ಎರಡೂ ನಿಜವೆಂದೇ ಕಾಣುತ್ತದೆ. ಮಂಜಿ ಕೆಮ್ಮಿದರೆ, ಸೀನಿದರೆ, ಪರೀಕ್ಷೆಯ ಹೆದರಿಕೆಗೆ ಮೈ ಬಿಸಿಯಾದರೆ, ಅಕ್ಕನಿಗೆ ಆ ಬಿಂದಿಗೆಯೇ ನೆನಪಾಗುತ್ತಿತ್ತು. ಗುಂಡ ಮುದಿಯಾಗಿ ತಾನಾಗಿ ಸತ್ತ ಮೇಲೂ ಅವಳ ಭಯ ಸಾಯಲಿಲ್ಲ. ನನ್ನನ್ನು ಬಿಟ್ಟು ಇನ್ನಾರಿಗೂ ಹೇಳುವಂತಿಲ್ಲ, ಅತ್ತೆಗಂತೂ ಮೊದಲೇ ಇಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಮಂಜಿ ಬಾಣಂತನಕ್ಕೆ ತವರಿಗೆ ಬಂದಳು. ಹೆರಿಗೆ ಕಷ್ಟವಾಗಿ, ಈ ಸಲ ಭಾವ ಹರಕೆ ಹೊತ್ತ. ತಂದ ಟಗರಿಗೆ ಯಾರೂ ಹೆಸರಿಡಕೂಡದೆಂದು ಕಟ್ಟಪ್ಪಣೆ ಮಾಡಿದ. ಮತ್ತೆ ಮಾಗಿ, ಮತ್ತೆ ಅಂಗಳದಲ್ಲಿ ಮಸಾಲೆ. ಬೇವಿನಮರದಡಿ ಮಂಜಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಕ್ಕ ಎಲ್ಲರಿಗೂ ಕಾಣುವ ಹಾಗೆ ಹೊಲದ ಬಾವಿಯಿಂದಲೇ ನೀರು ಸೇದಿ ತಂದಿಟ್ಟಳು. ನಂಜಜ್ಜಿಗೆ ಆಗ ಕಣ್ಣು ಮಂಜಾಗಿತ್ತು. ಕೈಹಿಡಿದು ಕರೆತಂದು ಕೂರಿಸಿದರು. ಅವಳು ಬೇವಿನೆಲೆ ಅದ್ದಲು ಹೋಗಿ ಬೆರಳನ್ನು ತಟ್ಟನೆ ಹಿಂದೆ ತೆಗೆದಳು.

“ಏನೇ ಇದು, ಹಿಂಗೆ ಕೊರೀತೈತೆ? ಮನೆಗೋಗಿ ಒಂದು ಚೆಂಬು ಬಿಸಿನೀರು ತಂದು ಬೆರೆಸು.”

ಅಕ್ಕ ನಿಂತಲ್ಲೇ ನಿಂತಳು. “ಅತ್ತೆ, ಅಮ್ಮ ಮುನಿಸ್ಕಂಡ್ರೆ?”

“ಅವತ್ತು ಬೆರೆಸಿದ್ಯಲ್ಲ, ಮುನಿಸ್ಕಂಡ್ಲಾ? ನಿನ್ ಮಗಳು ಕೂಸು ಎತ್ಕಂಡು ಎದುರ್ಗೇ ಕೂತವ್ಳಲ್ಲೇ. ಓಗು, ಓಗು.”

ಕೆಂಚಪ್ಪ ಏನೂ ಕೇಳಿಸದವನಂತೆ ಬೇವಿನಮರದ ತುದಿಯನ್ನು ನೋಡತೊಡಗಿದ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮನೆಯ ಕಡೆ ಓಡಿದಳು. ಅವಳು ಅಳುತ್ತಿದ್ದಳು. ಅಷ್ಟು ವರ್ಷ ಒಳಗೇ ಹೊತ್ತದ್ದನ್ನು ಇಳಿಸಿ ಅಳುತ್ತಿದ್ದಳೆಂದು ನನಗೆ ಗೊತ್ತಿತ್ತು, ನನ್ನ ಕಣ್ಣಿಗೂ ನೀರು ಬಂತು. ಅವಳಿಗೆ ಕೈಯಾಸರೆಯಾಗಲೆಂದು ನಾನೂ ಹಿಂದೆ ಹೋದೆ.

ಅವಳು ಬಚ್ಚಲಲ್ಲಿ ಹಂಡೆಯ ಮುಚ್ಚಳ ತೆಗೆಯುವ ಸದ್ದು ಕೇಳಿಸಿತು. ಹೆಸರಿಲ್ಲದ ಟಗರೂ ಬದುಕಿ ಉಳಿದು ಒಂದು ಹೆಸರು ಪಡೆಯುವ ಲಕ್ಷಣ ಕಾಣುತ್ತಿತ್ತು. ನಾನು ಅಂಗಳದ ಕಟ್ಟೆಯ ಮೇಲೆ ಕೂತೆ. ಪಕ್ಕದಲ್ಲೇ ಮಸಾಲೆ, ತಟ್ಟೆ ಮುಚ್ಚಿಟ್ಟಿದ್ದರು. ಲವಂಗದ ವಾಸನೆ ಮೂಗಿಗೆ ಬಡಿಯಿತು. ಗೂಡಿನ ಸಂದಿಯಿಂದ ಒಂದು ಕೋಳಿ ಕತ್ತು ಹೊರಗೆ ಹಾಕಿ, ತಲೆ ಓರೆ ಮಾಡಿ, ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿತ್ತು. ಅಭ್ಯಾಸಬಲದಿಂದ ಎಲೆ ಅಡಿಕೆಗೆ ಜೇಬು ತಡಕಿದೆ. ಆಮೇಲೆ ಎದ್ದು ಹೋಗುವುದು ಬೇಡವೆನಿಸಿತು. ಯಾರೂ ಏನೂ ಕೇಳದಿದ್ದ ಆ ಕೋಳಿಯನ್ನು ನಾನೂ ನೋಡುತ್ತ ಕೂತೆ.