ಅಧಿಕಾರಿಗೆ ಕೊಟ್ಟ ನೀರು

ಮಕ್ಕಳೇ, ನಿಮ್ಮ ಅಜ್ಜಿ ಜನರ ಮುಂದೆ ಬಾಯಿ ಬಿಡುವವಳಲ್ಲ ಎಂದು ನೀವು ನಗುತ್ತೀರಿ. ಒಮ್ಮೆ ಬಿಟ್ಟಿದ್ದೇನೆ. ಅದನ್ನು ಬರೆದಿಡುತ್ತೇನೆ.

ಜೋಗಿಮಟ್ಟಿ ಕಡೆಯ ಈ ಬಡಾವಣೆಯಲ್ಲಿ ನಿಮ್ಮ ಅಜ್ಜ ಮನೆ ಕಟ್ಟಿಸಿದಾಗ, ಕುಡಿಯುವ ನೀರಿನ ಪೈಪು ಇನ್ನೇನು ಬಂತು ಎಂದಿದ್ದರು. ಅಜ್ಜ ಹೋದರು, ಪೈಪು ದೊಡ್ಡ ರಸ್ತೆಯಲ್ಲೇ ನಿಂತಿದೆ. ನಲ್ಲಿಯಲ್ಲಿ ಬರುವುದು ಬೋರಿನ ಉಪ್ಪುನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಕೊಡದ ಒಳಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಕಟ್ಟುತ್ತದೆ. ಕುಡಿಯಲು ಕ್ಯಾನ್ ನೀರು. ಗಾಡಿ ಬಾರದ ಎರಡು ದಿನ ನೀವು ಅದೇ ಬೋರಿನ ನೀರು ಕುಡಿದು ಹೊಟ್ಟೆ ಹಿಡಿದುಕೊಂಡು ಮಲಗಿದ್ದು ನೆನಪಿರಬೇಕು.

ಆಗಲೇ ಕೊನೆಯ ಮನೆಯ ನಿವೃತ್ತ ಮೇಷ್ಟ್ರು ಎಲ್ಲರ ಸಹಿ ಹಾಕಿಸಿ ಪೈಪಿಗಾಗಿ ನಗರಸಭೆಗೆ ಅರ್ಜಿ ಕೊಟ್ಟರು. ಪರಿಶೀಲನೆಗೆ ಸಂಜೆ ಬರುತ್ತೇನೆಂದ ಅಧಿಕಾರಿ ಮಧ್ಯಾಹ್ನವೇ ಬಂದ. ನಮ್ಮದು ಮೊದಲ ಮನೆ. ನಾನೊಬ್ಬಳೇ ಇದ್ದೆ.

ಐಮಂಗಲದ ಹತ್ತಿರದ ನನ್ನ ತವರಿನಲ್ಲಿ ನಾವು ಕುರಿ ಕಾಯುವವರು. ಬಿಸಿಲಲ್ಲಿ ಬಂದವನಿಗೆ ನೀರು ಕೊಡದೆ ಯಾರು, ಏನು ಎಂದು ಕೇಳಿದರೆ ಅಪ್ಪ ಬಯ್ಯುತ್ತಿದ್ದ. ನಾನು ಕ್ಯಾನಿನಿಂದ ಹಿತ್ತಾಳೆ ಚೊಂಬು ತುಂಬಿ, ಬೆಲ್ಲದ ಚೂರಿನ ಜೊತೆ ಇಟ್ಟೆ. ಆತ ಗಟಗಟ ಕುಡಿದ.

"ಮನೇಲಿ ಕುಡಿಯದು ಇದೇ ನೀರೇನಮ್ಮ?"

"ಹೂಂ ರೀ," ಎಂದೆ. ಸುಳ್ಳೇನಲ್ಲ. ದುಡ್ಡು ಕೊಟ್ಟು ತರಿಸಿದ ಕ್ಯಾನಿನದು, ನಲ್ಲಿಯದಲ್ಲ ಎಂದು ಮಾತ್ರ ಸೇರಿಸಲಿಲ್ಲ. ಆತ ಏನೋ ಗೀಚಿಕೊಂಡು ಹೋದ.

ಸ್ವಲ್ಪ ದಿನಕ್ಕೆ ಮೇಷ್ಟ್ರ ಕೈಗೆ ಉತ್ತರ ಬಂತು. ನಿವಾಸಿಗಳು ಕೊಟ್ಟ ನೀರನ್ನು ಕುಡಿದು ನೋಡಲಾಗಿದೆ, ರುಚಿಯಾಗಿದೆ, ಪೈಪಿನ ಅಗತ್ಯ ಸದ್ಯಕ್ಕಿಲ್ಲ!

ಎದುರುಮನೆಯಾಕೆ ಬೀದಿಯಲ್ಲೇ ನಿಂತು ಅಂದಳು: "ಅಕ್ಕಾ, ಅವ್ರಿಗೆ ಬೆಲ್ಲ ಕೊಟ್ಟು ನಮಗೆ ಉಪ್ಪು ಉಳಿಸಿದ್ರಲ್ಲ!"

ತಲೆ ಎತ್ತಲಾಗಲಿಲ್ಲ. ಒಂದು ವಾರ ನನ್ನನ್ನೇ ಬಯ್ದುಕೊಂಡೆ. ಒಂದು ಬೆಳಿಗ್ಗೆ ಕಸ ಗುಡಿಸುತ್ತಿದ್ದಾಗ ಕಣ್ಣಿಗೆ ಬಿತ್ತು: ಆತ ಕೂತಿದ್ದ ಕುರ್ಚಿಯ ಪಕ್ಕದಲ್ಲೇ ಆ ನೀಲಿ ಕ್ಯಾನ್. ಮೊಣಕಾಲಿಗೆ ತಾಗುವಷ್ಟು ಹತ್ತಿರ. ನಾನು ಅದರಿಂದಲೇ ಬಗ್ಗಿಸಿದ್ದನ್ನು ಆತ ನೋಡಿಲ್ಲವೇ? ನೋಡಿದ್ದ. ನನ್ನ ಮರ್ಯಾದೆಯನ್ನು ತಿಳಿದೇ ನನ್ನ ಮೇಲೆ ತಿರುಗಿಸಿದ್ದ. ಪೊರಕೆ ಅಲ್ಲೇ ಬಿಟ್ಟು ಮೇಷ್ಟ್ರ ಮನೆಗೆ ನಡೆದೆ.

ಮೇಷ್ಟ್ರು ಮತ್ತೆ ಬರೆದರು. ಮತ್ತೆ ಅದೇ ಅಧಿಕಾರಿ, ಅದೇ ಕುರ್ಚಿ. ಈ ಸಲ ಬೀದಿಯ ಜನವೆಲ್ಲ ಅಂಗಳದಲ್ಲಿದ್ದರು.

"ಅಮ್ಮ, ಭಾಳ ಬಿಸ್ಲು. ಒಂಚೂರು ನೀರು ಕೊಡ್ರಿ."

ಅದೇ ಚೊಂಬು ತೊಳೆದೆ. ಅಂಗಳದ ನಲ್ಲಿ ತಿರುಗಿಸಿ ಎಲ್ಲರೆದುರೇ ತುಂಬಿದೆ. ಬೆಲ್ಲ ಇಡಲಿಲ್ಲ. ಆತ ಫೋನಿನಲ್ಲಿ ಮಾತಾಡುತ್ತಲೇ ಒಂದು ಗುಟುಕು ಎಳೆದು, ಥೂ ಎಂದು ಉಗುಳಿದ.

"ಏನಮ್ಮ, ಮನುಷ್ಯರು ಕುಡಿಯದಾ ಇದು?"

"ರುಚಿ ಐತೆ ಅಂತ ನೀವೇ ಬರ್ದೀರಲ್ರಿ. ಕುಡೀರಿ."

ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಕುಡೀರಿ ಸಾರ್, ನಾಚ್ಕಬ್ಯಾಡ್ರಿ. ಬೇಕಂದ್ರೆ ನಮ್ಮನೇದೂ ತರ್ತೀನಿ," ಎಂದಳು ಎದುರುಮನೆಯಾಕೆ. ಯಾರೋ ಕಿಸಕ್ಕೆಂದರು.

"ಆಯ್ತಮ್ಮ, ಹೊಸದಾಗಿ ಬರೀತೀನಿ."

"ಕುಡುದು ಬರೀರಿ."

ಆತ ಕುಡಿಯಲಿಲ್ಲ. ಜೀಪಿನಿಂದ ಬಾಟಲಿ ತರಿಸಿ, ನಮ್ಮೆಲ್ಲರ ಮುಂದೆಯೇ ಅದನ್ನು ಖಾಲಿ ಮಾಡಿದ. ಆಮೇಲೆ ಬರೆದ. ಮೇಷ್ಟ್ರು ಅಲ್ಲೇ ಇಸಿದುಕೊಂಡು ಗಟ್ಟಿಯಾಗಿ ಓದಿದರು: ನೀರು ಕುಡಿಯಲು ಯೋಗ್ಯವಲ್ಲ, ಪೈಪು ಬೇಕು.

ಇಷ್ಟನ್ನು ಬರೆಸಲು ನಾನು ಮನೆಗೆ ಬಂದವನಿಗೆ ಉಗುಳುವಂಥ ನೀರು ಕೊಡಬೇಕಾಯಿತು. ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದನೋ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಯಾಕೆಂದರೆ ಕಾಗದ ಬಂತೇ ಹೊರತು ಪೈಪು ದೊಡ್ಡ ರಸ್ತೆ ದಾಟಿಲ್ಲ.

ಮನೆಗೆ ಬಂದವರಿಗೆ ನೀವು ಒಳ್ಳೆಯ ನೀರನ್ನೇ ಕೊಡಿ. ಎಲ್ಲಿಂದ ತಂದದ್ದು ಎಂದು ಬಾಯಿಬಿಟ್ಟು ಹೇಳಿ ಕೊಡಿ. ಆ ಅಧಿಕಾರಿ ಮೂರನೆಯ ಸಲ ಬಂದರೆ ಮಾತ್ರ ನೀವು ಏಳಬೇಡಿ. ಚೊಂಬು ನಾನೇ ತುಂಬುತ್ತೇನೆ, ಅಂಗಳದ ನಲ್ಲಿಯಿಂದ.